ಪಾಸ್ಕ ಹಬ್ಬದ ಹಿಂದಿನ ದಿನ: ಮನೆ ಕೆಲಸ, ಅಡುಗೆ, ರಾತ್ರಿ ಪೂಜೆಗೆ ತಯಾರಿ

ಪಾಸ್ಕ ಹಬ್ಬದ, ಅಂದರೆ ಈಸ್ಟರ್‌ನ ಹಿಂದಿನ ದಿನವಾದ ಪವಿತ್ರ ಶನಿವಾರ ರಾತ್ರಿ ಪೂಜೆಯಲ್ಲಿ ಬೈಬಲ್ ವಾಚನಗಳು ನಡೆಯುತ್ತಿರುವಾಗ ಒಮ್ಮೆ ಸುತ್ತ ನೋಡಿ. ತೂಕಡಿಸುತ್ತಿರುವವರಲ್ಲಿ ಜಾಸ್ತಿ ಜನ ಅಮ್ಮಂದಿರು. ಬೆಳಿಗ್ಗೆ ಐದಕ್ಕೆ ಎದ್ದು ಮನೆ ತೊಳೆದು, ಮಸಾಲೆ ರುಬ್ಬಿ, ಕಜ್ಜಾಯ ಕರಿದು, ಮಕ್ಕಳ ಬಟ್ಟೆಗೆ ಇಸ್ತ್ರಿ ಹಾಕಿ, ಕೊನೆಗೆ ಹೇಗೋ ಸೀರೆ ಸುತ್ತಿಕೊಂಡು ಓಡಿ ಬಂದಿರುತ್ತಾರೆ. ನಮ್ಮ ಇಡೀ ವರ್ಷದ ಅತಿ ದೊಡ್ಡ ರಾತ್ರಿ ಅದು. ಅವರಿಗೆ ಮಾತ್ರ ಅದು ನಿದ್ದೆಗಣ್ಣಿನಲ್ಲೇ ಕಳೆದುಹೋಗುತ್ತದೆ.

ಹೀಗಾಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೇ ಈ ಲೇಖನ. ಇದರಲ್ಲಿರುವ ಲೆಕ್ಕಾಚಾರ ಇಷ್ಟೇ: ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಮನೆಯ ಕೆಲಸ ಪೂರ್ತಿ ನಿಲ್ಲಬೇಕು. ಆಮೇಲೆ ಎಲ್ಲರಿಗೂ ವಿಶ್ರಾಂತಿ. ರಾತ್ರಿ ಮನೆಮಂದಿಯೆಲ್ಲ ಎಚ್ಚರವಾಗಿ, ಚರ್ಚಿನ ಹೊರಗೆ ಹಚ್ಚುವ ಹೊಸ ಬೆಂಕಿಯ ಮುಂದೆ ನಿಂತಿರಬೇಕು. ಮೈಸೂರು, ಮಂಡ್ಯ ಕಡೆಯ ಕಥೋಲಿಕ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಹೊಸದಾಗಿ ಮದುವೆಯಾಗಿ ಇಂಥ ಮನೆಗೆ ಬಂದವರಿಗೆ, ಊರು ಬಿಟ್ಟು ಬಂದು ಮೊದಲ ಸಲ ತಾವೇ ಹಬ್ಬ ಮಾಡುವವರಿಗೆ ಇದು ಹೆಚ್ಚು ಉಪಯೋಗಕ್ಕೆ ಬರಬಹುದು. ಒಂದು ಮಾತು: ಇಲ್ಲಿ ಹೇಳುವುದೆಲ್ಲ ಲ್ಯಾಟಿನ್ ವಿಧಿಯ ಚರ್ಚುಗಳ ಪದ್ಧತಿ. ಮಂಡ್ಯದಲ್ಲಿ 2010ರಿಂದ ಸಿರೋ ಮಲಬಾರ್ (ಕೇರಳ ಮೂಲದ ಕಥೋಲಿಕ ಸಭೆ) ಧರ್ಮಪ್ರಾಂತ್ಯವೂ ಇದೆ. ಅವರ ಪೂಜಾವಿಧಿ ಬೇರೆ.

ದಿನ ಮತ್ತು ಹೊತ್ತು

ಪಾಸ್ಕ ಹಬ್ಬ ಪ್ರತಿ ವರ್ಷ ಬೇರೆ ತಾರೀಖಿಗೆ ಬರುತ್ತದೆ. ಮಾರ್ಚ್ 21ರಂದು ಅಥವಾ ಅದಾದ ಮೇಲೆ ಬರುವ ಹುಣ್ಣಿಮೆಯ ನಂತರದ ಭಾನುವಾರ ಹಬ್ಬ. 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28, 2028ರಲ್ಲಿ ಏಪ್ರಿಲ್ 16. ಮಾರ್ಚ್‌ನಲ್ಲಿ ಬಂದರೆ ಮಕ್ಕಳ ಪರೀಕ್ಷೆ ಜೊತೆಗೇ ಬರುತ್ತದೆ. ಆ ವರ್ಷ ಅಡುಗೆಯ ಪಟ್ಟಿಯನ್ನು ಅರ್ಧಕ್ಕೆ ಇಳಿಸಿಬಿಡಿ.

ರಾತ್ರಿ ಪೂಜೆ ಕತ್ತಲಾದ ಮೇಲೆಯೇ ಶುರುವಾಗಬೇಕು, ಭಾನುವಾರ ಬೆಳಕು ಹರಿಯುವ ಮೊದಲು ಮುಗಿಯಬೇಕು. ಇದು ಧರ್ಮಸಭೆಯ ನಿಯಮ. ಏಪ್ರಿಲ್ ಶುರುವಿನಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವುದು ಆರೂವರೆಯ ಆಸುಪಾಸು. ಹಾಗಾಗಿ ಕೆಲವು ಕಡೆ ಏಳು, ಏಳೂವರೆಗೇ ಶುರುಮಾಡುತ್ತಾರೆ. ಇನ್ನು ಕೆಲವು ಕಡೆ ಹತ್ತು ಹತ್ತೂವರೆಗೆ ಶುರುವಾಗಿ, ಮುಗಿಯುವಾಗ ನಡುರಾತ್ರಿ ದಾಟಿರುತ್ತದೆ. ಮೈಸೂರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಪೂಜೆಗಳು ಬೇರೆ ಬೇರೆ ಹೊತ್ತಿಗೆ, ಬೇರೆ ಬೇರೆ ಜಾಗದಲ್ಲಿ ಇರಬಹುದು. ಹಬ್ಬಕ್ಕೆ ಒಂದು ವಾರ ಮೊದಲಿನ ಗರಿಗಳ ಭಾನುವಾರ ಚರ್ಚಿಗೆ ಹೋದಾಗ ನೋಟಿಸ್ ಬೋರ್ಡಿನ ಫೋಟೋ ತೆಗೆದುಕೊಂಡು ಬನ್ನಿ. ಕಳೆದ ವರ್ಷದ ಹೊತ್ತನ್ನು ನಂಬಿ ಹೋಗಬೇಡಿ. ಮಂಡ್ಯದ ಹಳ್ಳಿಗಳ ಕಡೆ ಒಬ್ಬರೇ ಫಾದರ್ ಮೂರ್ನಾಲ್ಕು ಊರು ನೋಡಿಕೊಳ್ಳುವುದುಂಟು. ಅಂಥ ಕಡೆ ಪೂಜೆ ಯಾವ ಊರಿನ ಚರ್ಚಿನಲ್ಲಿ ಅನ್ನುವುದನ್ನೂ ಮೊದಲೇ ಕೇಳಿಕೊಳ್ಳಿ. ರಾತ್ರಿ ವಾಪಸ್ ಬರುವುದಕ್ಕೆ ಆಟೋನೋ ಟೆಂಪೋನೋ ಮಾತಾಡಿಡಿ.

ವಯಸ್ಸಾದವರು ಕೆಲವರು ಶನಿವಾರ ಬೆಳಿಗ್ಗೆಯೇ ಪಾಸ್ಕ ಪೂಜೆ ಆಗುತ್ತಿತ್ತು ಅಂತ ಹಿರಿಯರಿಂದ ಕೇಳಿದ್ದನ್ನು ಹೇಳುತ್ತಾರೆ. ಅದು ನಿಜ. ಬಹಳ ಕಾಲ ಈ ಜಾಗರಣೆಯನ್ನು ಶನಿವಾರ ಬೆಳಿಗ್ಗೆಯೇ ಮುಗಿಸುತ್ತಿದ್ದರು. ಪೋಪ್ ಹನ್ನೆರಡನೇ ಪಯಸ್ ಅವರು 1951ರಲ್ಲಿ ಪ್ರಯೋಗವಾಗಿ ಅದನ್ನು ಮತ್ತೆ ರಾತ್ರಿಗೆ ತಂದರು. 1956ರಿಂದ ಎಲ್ಲ ಕಡೆ ರಾತ್ರಿಯೇ ಆಯಿತು. ಹಗಲು ಹೊತ್ತಿನಲ್ಲಿ ಬೆಂಕಿ ಹಚ್ಚಿ ಬೆಳಕಿನ ಹಾಡು ಹಾಡುವುದರಲ್ಲಿ ಏನಿದೆ ಹೇಳಿ. ಆ ತೀರ್ಮಾನಕ್ಕೆ ನಾವು ಋಣಿಗಳಾಗಿರಬೇಕು.

ಶನಿವಾರಕ್ಕೆ ಮೊದಲೇ ಮುಗಿಸಬೇಕಾದ್ದು

ಪಾಪನಿವೇದನೆಯನ್ನು ಪವಿತ್ರ ವಾರದ ಮೊದಲ ಮೂರು ದಿನಗಳಲ್ಲಿ ಮಾಡಿಬಿಡಿ. ಶನಿವಾರವೂ ಮಾಡಬಹುದು, ತಪ್ಪೇನಿಲ್ಲ. ಆದರೆ ಅವತ್ತು ಸಾಲು ಉದ್ದ. ಫಾದರ್ ಕೂಡ ರಾತ್ರಿಯ ತಯಾರಿಯಲ್ಲಿರುತ್ತಾರೆ.

ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಇದನ್ನು ಮರೆಯಬೇಡಿ. ಪವಿತ್ರ ಶನಿವಾರ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಕೊಡುವುದು ಸಾಯುವ ಸ್ಥಿತಿಯಲ್ಲಿರುವವರಿಗೆ ಮಾತ್ರ. ಬೇರೆ ರೋಗಿಗಳಿಗೆ ಗುರುವಾರ ಅಥವಾ ಶುಕ್ರವಾರ ತಂದುಕೊಡಬಹುದು, ಇಲ್ಲವಾದರೆ ಭಾನುವಾರ. ಅಜ್ಜಿ ಶನಿವಾರ ಬೆಳಿಗ್ಗೆ ಎದ್ದು ಕೇಳಿದರೆ ಆಗುವುದಿಲ್ಲ. ಆದ್ದರಿಂದ ಬುಧವಾರವೇ ಚರ್ಚಿನಲ್ಲಿ ಹೆಸರು ಕೊಟ್ಟು ಬನ್ನಿ. ರೋಗಿಗಳ ಅಭ್ಯಂಗಕ್ಕೆ (ಫಾದರ್ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವುದಕ್ಕೆ) ಮಾತ್ರ ಶನಿವಾರವೂ ಅಡ್ಡಿಯಿಲ್ಲ.

ನಿಮ್ಮ ಮನೆಯವರು ಯಾರಾದರೂ ವಾಚನ ಓದುವವರಿದ್ದರೆ ಒಂದು ವಾರ ಮೊದಲೇ ಭಾಗವನ್ನು ಕೇಳಿ ಪಡೆಯಿರಿ. ಆ ರಾತ್ರಿಯ ವಾಚನಗಳು ಉದ್ದ. ಆದಿಕಾಂಡದ ಸೃಷ್ಟಿಯ ಕಥೆ, ಅಬ್ರಹಾಮ ಇಸಾಕನನ್ನು ಬಲಿಗೆ ಕರೆದೊಯ್ದದ್ದು, ಕೆಂಪು ಸಮುದ್ರ ದಾಟಿದ್ದು, ಇವೆಲ್ಲ ಸುಮ್ನೆ ಒಂದು ಸಲ ಕಣ್ಣಾಡಿಸಿ ಹೋಗಿ ಓದುವಂಥವಲ್ಲ. ದಿನಾ ರಾತ್ರಿ ಊಟ ಆದಮೇಲೆ ಮನೆಯಲ್ಲಿ ಎಲ್ಲರ ಮುಂದೆ ಜೋರಾಗಿ ಓದಿಸಿ. ಕೇಳುವ ಮಕ್ಕಳಿಗೂ ಕಥೆ ಪರಿಚಯ ಆಗುತ್ತದೆ. ಶನಿವಾರ ರಾತ್ರಿ ಅದೇ ಕಥೆ ಬಂದಾಗ ಅವರ ಕಿವಿ ನೆಟ್ಟಗಾಗುತ್ತದೆ.

ಮಾಂಸದ ಅಂಗಡಿಗೆ ಗುರುವಾರದೊಳಗೆ ಹೇಳಿಡಿ. ಮಂಡಿ ಮೊಹಲ್ಲಾ ಆಗಲಿ, ನಿಮ್ಮ ಬಡಾವಣೆಯ ಅಂಗಡಿ ಆಗಲಿ, ಹಬ್ಬದ ಬೆಳಿಗ್ಗೆ ಜನ ಮುತ್ತುತ್ತಾರೆ. ಬನ್ನೂರು ಕುರಿಯೇ ಬೇಕು ಅನ್ನುವವರು ಗುರುತಿನ ಅಂಗಡಿಯವರಿಗೆ ಇನ್ನೂ ಮೊದಲೇ ಹೇಳಬೇಕು. ಎಷ್ಟು ಕೆಜಿ, ಯಾವ ಭಾಗ, ಎಷ್ಟು ದಪ್ಪ ತುಂಡು ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಡಿ. ಭಾನುವಾರ ಬೆಳಿಗ್ಗೆ ಆರಕ್ಕೆ ಹೋಗಿ ತರುವ ಕೆಲಸ ಮನೆಯ ಗಂಡಸರದ್ದು.

ಇನ್ನು ಕಜ್ಜಾಯ.

ಕಜ್ಜಾಯದ ಹಿಟ್ಟು ಗುರುವಾರವೇ ಆಗಬೇಕು

ಮನೆಯಲ್ಲಿ ಕಜ್ಜಾಯ ಮಾಡುವ ರೂಢಿ ಇದ್ದರೆ ಶನಿವಾರದ ಇಡೀ ಲೆಕ್ಕ ಇದರ ಮೇಲೆ ನಿಂತಿದೆ. ಕಜ್ಜಾಯದ ಹಿಟ್ಟು ಒಂದೆರಡು ದಿನ ಕೂತರೇ ಚೆನ್ನ. ಶುಭ ಶುಕ್ರವಾರ ಒಲೆಯ ಮುಂದೆ ಪಾಕ ಕಾಯಿಸುತ್ತಾ ನಿಲ್ಲುವ ದಿನ ಅಲ್ಲ. ಹಾಗಾಗಿ ಗುರುವಾರ ಬೆಳಿಗ್ಗೆ ಹಿಟ್ಟು ಕಲಸಿ ಡಬ್ಬಿಗೆ ಸೇರಿಸಬೇಕು. ಸಂಜೆ ಪವಿತ್ರ ಗುರುವಾರದ ಪೂಜೆಗೆ ನಿರಾಳವಾಗಿ ಹೋಗಬೇಕು.

ಮಂಗಳವಾರ ರಾತ್ರಿ ಒಂದು ಕೆಜಿ ಅಕ್ಕಿ ನೆನೆಹಾಕಿ. ಬಾಸುಮತಿ ಬೇಡ, ನಮ್ಮ ಮಂಡ್ಯದ ದಪ್ಪ ಅಕ್ಕಿಯೇ ಒಳ್ಳೆಯದು. ಬುಧವಾರ ಎರಡು ಸಲ ನೀರು ಬದಲಾಯಿಸಿ. ಇಲ್ಲದಿದ್ದರೆ ಬೇಸಿಗೆಗೆ ಹುಳಿ ವಾಸನೆ ಬರುತ್ತದೆ. ಗುರುವಾರ ಬೆಳಗ್ಗೆ ಎದ್ದ ಕೂಡಲೇ ಬಸಿದು, ನೆರಳಿನಲ್ಲಿ ಬಿಳಿ ಪಂಚೆ ಹಾಸಿ ಹರಡಿ. ಬಿಸಿಲಿಗೆ ಹಾಕಬೇಡಿ, ಫ್ಯಾನ್ ಕೆಳಗೂ ಬೇಡ. ಅಕ್ಕಿಯನ್ನು ಹಿಡಿಯಲ್ಲಿ ಹಿಚುಕಿದರೆ ಅಂಗೈಗೆ ತೇವ ತಾಗಬೇಕು, ನೀರು ಅಂಟಬಾರದು. ಆ ಹದದಲ್ಲೇ ಮಿಕ್ಸಿಗೆ ಹಾಕಿ ಪುಡಿ ಮಾಡಿ ಜರಡಿ ಹಿಡಿಯಿರಿ. ಪೂರ್ತಿ ಒಣಗಿದ ಅಕ್ಕಿಯ ಹಿಟ್ಟಿನಲ್ಲಿ ಕಜ್ಜಾಯ ಕಲ್ಲಾಗುತ್ತದೆ.

ಬೆಲ್ಲ ಮುಕ್ಕಾಲು ಕೆಜಿ. ಹಳದಿ ಹೊಳಪಿನ ಅಚ್ಚಿಗಿಂತ ಕಂದು ಬಣ್ಣದ ಬೆಲ್ಲಕ್ಕೆ ರುಚಿ ಜಾಸ್ತಿ. ಬೆಲ್ಲಕ್ಕೆ ಒಂದು ಲೋಟ ನೀರು ಹಾಕಿ ಕರಗಿಸಿ ಸೋಸಿ, ಮತ್ತೆ ಒಲೆಗಿಡಿ. ನೊರೆ ಏಳಲು ಶುರುವಾದ ಮೇಲೆ ಪಕ್ಕದಲ್ಲಿ ತಟ್ಟೆಯಲ್ಲಿ ನೀರಿಟ್ಟುಕೊಂಡು ಒಂದು ಹನಿ ಪಾಕ ಬಿಟ್ಟು ನೋಡುತ್ತಿರಿ. ಮೊದಮೊದಲು ಹನಿ ನೀರಿನಲ್ಲಿ ಕರಗಿ ಹರಡುತ್ತದೆ. ಆಮೇಲೆ ತಳದಲ್ಲಿ ಕೂರುತ್ತದೆ, ಬೆರಳಿಗೆ ಸಿಗುವುದಿಲ್ಲ. ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಬೆರಳಲ್ಲಿ ಒಟ್ಟುಮಾಡಿದರೆ ಮೆತ್ತನೆಯ ಉಂಡೆಯಾಗಿ ಎದ್ದು ಬರುತ್ತದೆ. ಅದೇ ಹದ. ತಕ್ಷಣ ಇಳಿಸಿ. ಏಲಕ್ಕಿ ಪುಡಿ, ಹುರಿದ ಎಳ್ಳು, ಗಸಗಸೆ ಹಾಕಿ, ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತಾ ಕೈಬಿಡದೆ ತಿರುಗಿಸಿ. ಒಬ್ಬರು ಸುರಿಯಬೇಕು, ಒಬ್ಬರು ತಿರುಗಿಸಬೇಕು. ಚಪಾತಿ ಹಿಟ್ಟಿಗಿಂತ ಸಡಿಲವಾಗಿ ಇರುವಾಗಲೇ ನಿಲ್ಲಿಸಿ, ಆರಿದ ಮೇಲೆ ಅದು ತಾನೇ ಗಟ್ಟಿಯಾಗುತ್ತದೆ. ಮೇಲೆ ಎರಡು ಚಮಚ ತುಪ್ಪ ಸವರಿ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಡಿ.

ಶನಿವಾರ ಇದರ ಕೆಲಸ ಕರಿಯುವುದಷ್ಟೇ. ಬಾಳೆ ಎಲೆಯ ಮೇಲೆ ತಟ್ಟಿ, ಸಣ್ಣ ಉರಿಯಲ್ಲಿ ಒಂದೊಂದೇ ಬಿಟ್ಟು, ತೆಗೆಯುವಾಗ ಎರಡು ಜಾಲರಿ ಸೌಟಿನ ನಡುವೆ ಇಟ್ಟು ಎಣ್ಣೆ ಹಿಂಡಿ. ಒತ್ತುವ ಕೆಲಸಕ್ಕೆ ಇನ್ನೊಬ್ಬರು ಪಕ್ಕದಲ್ಲೇ ನಿಂತಿರಲಿ. ಒಬ್ಬರೇ ಮಾಡಿದರೆ ಎರಡು ಗಂಟೆ ಹಿಡಿಯುವ ಕೆಲಸ ಇಬ್ಬರಾದರೆ ಒಂದೇ ಗಂಟೆಗೆ ಆಗುತ್ತದೆ.

ಶನಿವಾರ ಬೆಳಿಗ್ಗೆ: ಮೊದಲು ಮೌನ, ಆಮೇಲೆ ಕೆಲಸ

ಪವಿತ್ರ ಶನಿವಾರ ಹಗಲು ಪೂಜೆ ಇಲ್ಲ. ಗುರುವಾರ ರಾತ್ರಿ ಬರಿದು ಮಾಡಿದ ಬಲಿಪೀಠ ಹಾಗೆಯೇ ಇರುತ್ತದೆ. ಬಟ್ಟೆ ಇಲ್ಲ, ಹೂವಿಲ್ಲ. ಪ್ರಸಾದ ಪೆಟ್ಟಿಗೆ ಖಾಲಿ, ಬಾಗಿಲು ತೆರೆದೇ ಇರುತ್ತದೆ. ಯೇಸುಸ್ವಾಮಿ ಸಮಾಧಿಯಲ್ಲಿರುವ ದಿನ ಅದು. ಹಬ್ಬದ ಗಡಿಬಿಡಿಯಲ್ಲಿ ನಾವು ಶುಕ್ರವಾರದಿಂದ ನೇರವಾಗಿ ಭಾನುವಾರಕ್ಕೆ ಹಾರಿಬಿಡುತ್ತೇವೆ. ನಡುವಿನ ಈ ದಿನಕ್ಕೂ ಅರ್ಧ ಗಂಟೆ ಕೊಡಿ. ಕೆಲಸಕ್ಕೆ ಇಳಿಯುವ ಮೊದಲು ಮನೆಮಂದಿಯೆಲ್ಲ ದೇವರ ಪಟದ ಮುಂದೆ ಕೂತು ಜಪಸರ (ರೋಸರಿ) ಮಾಡಿ. ಮಗನ ಶವವನ್ನು ಸಮಾಧಿಗೆ ಇಟ್ಟು ಬಂದ ತಾಯಿ ಮರಿಯಮ್ಮನವರ ಜೊತೆ ಕೂರುವ ಹೊತ್ತು ಅದು. ಆ ವರ್ಷ ಮನೆಯಲ್ಲಿ ಸಾವು ಕಂಡವರಿಗೆ ಈ ಬೆಳಿಗ್ಗೆ ತುಂಬಾ ಹತ್ತಿರವಾಗುತ್ತದೆ. ಅವರನ್ನು ಹಬ್ಬದ ಸಡಗರಕ್ಕೆ ಎಳೆಯಬೇಡಿ, ಅವರ ಪಕ್ಕದಲ್ಲಿ ಸುಮ್ಮನೆ ಕೂತುಕೊಳ್ಳಿ. ಟಿವಿ ರಾತ್ರಿಯವರೆಗೂ ಬೇಡ.

ಉಪವಾಸದ ವಿಷಯದಲ್ಲಿ ಗೊಂದಲ ಇದೆ. ಶುಭ ಶುಕ್ರವಾರದ ಉಪವಾಸ 18 ತುಂಬಿದವರಿಂದ 59 ವರ್ಷದವರೆಗಿನವರಿಗೆ ಕಡ್ಡಾಯ. ಶನಿವಾರದ ಉಪವಾಸ ಕಡ್ಡಾಯ ಅಲ್ಲ. ಆದರೆ ಆಗುವವರು ಜಾಗರಣೆಯವರೆಗೆ ಮುಂದುವರಿಸುವುದು ಒಳ್ಳೆಯದು ಅಂತ ಧರ್ಮಸಭೆ ಹೇಳುತ್ತದೆ. ನನ್ನ ಸಲಹೆ: ಮಧ್ಯಾಹ್ನ ಗಂಜಿ, ಉಪ್ಪಿನಕಾಯಿ ಅಥವಾ ಮೊಸರನ್ನ ಸಾಕು. ಮಾಂಸ ಬೇಡ. ಸಕ್ಕರೆ ಕಾಯಿಲೆ ಇರುವವರು, ಬಸುರಿ ಬಾಣಂತಿಯರು, ಮಾತ್ರೆ ನುಂಗುವ ಹಿರಿಯರು ಹೊತ್ತಿಗೆ ಸರಿಯಾಗಿ ತಿನ್ನಲೇಬೇಕು. ಪರಮಪ್ರಸಾದಕ್ಕೆ ಒಂದು ಗಂಟೆ ಮುಂಚೆ ಏನೂ ತಿನ್ನಬಾರದು, ಅಷ್ಟೇ ನಿಯಮ. ನೀರು, ಔಷಧಿಗೆ ಅದೂ ಅಡ್ಡಿಯಿಲ್ಲ.

ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಮನೆ ಕೆಲಸವನ್ನು ಹಂಚಿಕೊಳ್ಳಿ. ಮಕ್ಕಳಿಗೆ ದೇವರ ಪೀಠ ಒಪ್ಪಿಸಿ. ಯೇಸುವಿನ ತಿರುಹೃದಯದ ಪಟ ಕೆಳಗಿಳಿಸಿ ಒರೆಸುವುದು, ಹಳೆ ಬಟ್ಟೆ ತೆಗೆದು ಬಿಳಿ ಬಟ್ಟೆ ಹಾಸುವುದು ಅವರದ್ದು. ಗರಿಗಳ ಭಾನುವಾರ ತಂದ ಗರಿಯನ್ನು ಶಿಲುಬೆಯ ಹಿಂದೆ ಸಿಕ್ಕಿಸಿಡಬೇಕು, ಕಸಕ್ಕೆ ಹಾಕಬಾರದು. ಹೂವು, ದೀಪ ಈಗ ಬೇಡ. ರಾತ್ರಿ ವಾಪಸ್ ಬಂದ ಮೇಲೆ ಇಡೋಣ.

ಹೂವು ಹಣ್ಣು ತರಲು ಹೋಗುವವರು ಬಿಸಿಲೇರುವ ಮೊದಲು ದೇವರಾಜ ಮಾರುಕಟ್ಟೆಗೆ ಹೋಗಿ ಬನ್ನಿ. ಸುಗಂಧರಾಜ ಒಂದು ದಿನ ತಡೆಯುತ್ತದೆ. ಮೈಸೂರು ಮಲ್ಲಿಗೆ ಬೇಕೆಂದರೆ ಮೊಗ್ಗಾಗಿರುವುದನ್ನೇ ಆರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಣ್ಣಗಿಡಿ. ಚರ್ಚಿನ ಅಲಂಕಾರಕ್ಕೆ ಹೂವು ಕೊಡುವವರು ಹನ್ನೆರಡರೊಳಗೆ ತಲುಪಿಸಿದರೆ ಅಲ್ಲಿಯ ಸಿಸ್ಟರ್‌ಗಳಿಗೆ, ಯುವಕರಿಗೆ ಅನುಕೂಲ. ಬರೀ ಕೊಟ್ಟು ಬರಬೇಡಿ. ಒಂದು ಗಂಟೆ ನಿಂತು ಬೆಂಚು ಒರೆಸಿ, ನೆಲ ಗುಡಿಸಿ ಬನ್ನಿ. ಕಾಲೇಜು ಹುಡುಗರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ.

ಅಡುಗೆಮನೆ: ಯಾವುದು ಇವತ್ತು, ಯಾವುದು ನಾಳೆ

ಶನಿವಾರ ರಾತ್ರಿ ಬಿರಿಯಾನಿ ಮಾಡಿಟ್ಟು ಹೋಗುವವರಿದ್ದಾರೆ. ಅದು ಬೇಡ ಅಂತಲೇ ಹೇಳುತ್ತೇನೆ. ಅರ್ಧರಾತ್ರಿ ಹೊಟ್ಟೆ ತುಂಬಾ ಮಾಂಸ ತಿಂದು ಮಲಗಿದರೆ ಭಾನುವಾರ ಇಡೀ ಮನೆ ಮಂಕಾಗಿರುತ್ತದೆ. ಏಪ್ರಿಲ್ ಸೆಕೆಗೆ ಐದಾರು ಗಂಟೆ ಹೊರಗಿಟ್ಟ ಅಡುಗೆ ಕೆಡುವ ಭಯ ಬೇರೆ. ರಾತ್ರಿಗೆ ಕಜ್ಜಾಯ, ಬಾಳೆಹಣ್ಣು, ಬಿಸಿ ಕಾಫಿ ಸಾಕು. ಹಸಿವಾದವರಿಗೆ ಬ್ರೆಡ್ಡು ಮೊಟ್ಟೆ. ಹಬ್ಬದ ಊಟ ಭಾನುವಾರ ಮಧ್ಯಾಹ್ನಕ್ಕೆ.

ಹಾಗಾಗಿ ಶನಿವಾರ ಮುಗಿಸಬೇಕಾದ್ದು ಇಷ್ಟು. ಬೆಳ್ಳುಳ್ಳಿ ಸುಲಿಯುವುದು, ಶುಂಠಿ ಬೆಳ್ಳುಳ್ಳಿ ರುಬ್ಬಿ ಫ್ರಿಜ್ಜಿಗೆ ಇಡುವುದು. ಮಟನ್ ಸಾರಿಗೆ ಧನಿಯಾ, ಕಾಳುಮೆಣಸು, ಚಕ್ಕೆ, ಲವಂಗ, ಗಸಗಸೆ, ಒಣಮೆಣಸಿನಕಾಯಿ ಹುರಿದು ಪುಡಿ ಮಾಡುವುದು. ತೆಂಗಿನಕಾಯಿ ಮಾತ್ರ ಶನಿವಾರ ರುಬ್ಬಬೇಡಿ. ಭಾನುವಾರ ಹೊಸದಾಗಿ ರುಬ್ಬಿ. ಹಿಂದಿನ ದಿನದ ಕಾಯಿ ಮಸಾಲೆ ಸೆಕೆಗೆ ಬೇಗ ಹಳಸುತ್ತದೆ. ಫ್ರಿಜ್ಜಿನಲ್ಲಿಟ್ಟರೂ ಸಾರಿಗೆ ಆ ಘಮ ಬರುವುದಿಲ್ಲ. ಈರುಳ್ಳಿ ಹೆಚ್ಚಿ ಹುರಿದಿಡಬಹುದು. ಒತ್ತು ಶಾವಿಗೆ ಮಾಡುವ ಮನೆಯವರು ಒರಳನ್ನು ಅಟ್ಟದಿಂದ ಇಳಿಸಿ, ತೊಳೆದು, ಬಿಲ್ಲೆ ಸರಿಯಾಗಿ ಕೂರುತ್ತದೆಯೇ ನೋಡಿಡಿ. ಶಾವಿಗೆ ಬಿಸಿಬಿಸಿ ಒತ್ತಿದರೇ ಚೆನ್ನ, ಅದು ಭಾನುವಾರ ಬೆಳಿಗ್ಗೆಯ ಕೆಲಸ. ಜೊತೆಗೆ ಮಕ್ಕಳಿಗೆ ಕಾಯಿಹಾಲು, ದೊಡ್ಡವರಿಗೆ ಮಟನ್ ಸಾರು. ಮೊಟ್ಟೆಗೆ ಬಣ್ಣ ಹಚ್ಚುವ ಆಸೆ ಮಕ್ಕಳಿಗಿದ್ದರೆ ಬೀಟ್‌ರೂಟ್ ನೀರು, ಅರಿಶಿನದ ನೀರಿನಲ್ಲಿ ಬೇಯಿಸಿ ಕೊಡಿ. ಸ್ವಲ್ಪ ವಿನೆಗರ್ ಹಾಕಿದರೆ ಬಣ್ಣ ಹಿಡಿಯುತ್ತದೆ.

ಮಧ್ಯಾಹ್ನ ಮೂರಕ್ಕೆ ಒಲೆ ಆರಿಸಿ. ಏನಾದರೂ ಉಳಿದಿದ್ದರೆ ಉಳಿಯಲಿ. ಒಂದು ಪಲ್ಯ ಕಡಿಮೆಯಾದರೆ ಹಬ್ಬ ಕಡಿಮೆಯಾಗುವುದಿಲ್ಲ.

ಮೂರರ ನಂತರ

ಎಲ್ಲರೂ ಒಂದೂವರೆ ಗಂಟೆ ಮಲಗಿ. ಮಕ್ಕಳನ್ನು ಮಲಗಿಸುವ ಜವಾಬ್ದಾರಿ ಅಪ್ಪನದ್ದು, ಅಮ್ಮ ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಲಿ. ಎದ್ದು ಸ್ನಾನ ಮಾಡಿ. ಚರ್ಚಿನಲ್ಲಿ ಪೂಜೆ ತಡವಾಗಿ ಇರುವವರು ಸಂಜೆ ಲಘುವಾಗಿ ಏನಾದರೂ ತಿನ್ನಿ.

ಬಟ್ಟೆ ಬಿಳಿ ಅಥವಾ ತಿಳಿ ಬಣ್ಣದ್ದಾದರೆ ಚಂದ. ಆದರೆ ಕೈಯಲ್ಲಿ ಉರಿಯುವ ಮೇಣದಬತ್ತಿ ಇರುತ್ತದೆ ಅನ್ನುವುದು ನೆನಪಿರಲಿ. ಗಾಳಿಗೆ ಹಾರುವ ಸಿಂಥೆಟಿಕ್ ದುಪಟ್ಟಾ ಬೇಡ. ಸೆರಗು ಪಿನ್ ಹಾಕಿ ಗಟ್ಟಿ ಮಾಡಿಕೊಳ್ಳಿ. ಹೆಣ್ಣುಮಕ್ಕಳ ಕೂದಲು ಬಿಡಬೇಡಿ, ಜಡೆ ಹಾಕಿ. ಮೈಸೂರು ಸಿಲ್ಕ್ ಉಡುವವರು ಮೇಲೆ ಮೇಣ ಬಿದ್ದರೆ ಒರೆಸಲು ಹೋಗಬೇಡಿ, ಹರಡುತ್ತದೆ. ಮನೆಗೆ ಬಂದ ಮೇಲೆ ಗಟ್ಟಿಯಾದ ಮೇಣವನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ. ಮೇಲೆ ಕೆಳಗೆ ಟಿಶ್ಯೂ ಕಾಗದ ಇಟ್ಟು, ತುಂಬಾ ಕಡಿಮೆ ಬಿಸಿಯ ಇಸ್ತ್ರಿ ಆಡಿಸಿ. ಉಳಿದದ್ದನ್ನು ಕಾಗದ ಹೀರಿಕೊಳ್ಳುತ್ತದೆ.

ಚೀಲದಲ್ಲಿ ಇರಬೇಕಾದ್ದು: ತಲೆಗೊಂದು ಮೇಣದಬತ್ತಿ, ಎರಡು ಹೆಚ್ಚಿಗೆ. ಪ್ರತಿ ಬತ್ತಿಗೂ ಒಂದು ಪೇಪರ್ ಲೋಟ, ತಳದಲ್ಲಿ ತೂತು ಮಾಡಿ ಬತ್ತಿ ತೂರಿಸಿದರೆ ಬಿಸಿ ಮೇಣ ಕೈಮೇಲೆ ಬೀಳುವುದಿಲ್ಲ. ತೀರ್ಥ ತರಲು ಮುಚ್ಚಳ ಬಿಗಿಯಾಗಿರುವ ಬಾಟಲಿ. ಕುಡಿಯುವ ನೀರು. ಹಿರಿಯರಿಗೆ ಶಾಲು ಮತ್ತು ಮಾತ್ರೆ. ಚಿಕ್ಕ ಮಕ್ಕಳಿಗೆ ಹೊದಿಕೆ. ಒಂದು ಛತ್ರಿ. ಈ ದಿನಗಳಲ್ಲಿ ಸಂಜೆ ಇದ್ದಕ್ಕಿದ್ದಂತೆ ಗಾಳಿ ಮಳೆ ಬರುವುದು ಮೈಸೂರಿನವರಿಗೆ ಹೊಸದೇನಲ್ಲ. ಪುಟ್ಟ ಮಕ್ಕಳ ಕೈಗೆ ಉರಿಯುವ ಬತ್ತಿ ಕೊಡಬೇಡಿ. ನಿಮ್ಮ ಬತ್ತಿಯನ್ನೇ ಅವರ ಕೈ ಸೇರಿಸಿ ಹಿಡಿಸಿ.

ಪೂಜೆಯಲ್ಲಿ ಏನೇನು, ಯಾವಾಗ ಏನು ಮಾಡಬೇಕು

ಅರ್ಧ ಗಂಟೆ ಮುಂಚೆ ಹೋಗಿ. ಅಶೋಕ ರಸ್ತೆಯ ಸಂತ ಫಿಲೋಮಿನಾ ಪ್ರಧಾನಾಲಯಕ್ಕೆ ಹೋಗುವವರು ಇನ್ನೂ ಬೇಗ ಹೊರಡಿ, ಗಾಡಿ ನಿಲ್ಲಿಸುವುದೇ ಕಷ್ಟ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಚರ್ಚು ಅದು. ಒಳಗೆ ಎತ್ತರ, ಉದ್ದ ಎರಡೂ ಜಾಸ್ತಿ. ತೀರಾ ಹಿಂದೆ ಕೂತರೆ ವಾಚನ ಸರಿಯಾಗಿ ಕೇಳಿಸದೆ ಮಕ್ಕಳು ಬೇಗ ಬೇಸರ ಪಡುತ್ತಾರೆ. ಅಜ್ಜ ಅಜ್ಜಿಯರನ್ನು ಮೊದಲೇ ಒಳಗೆ ಕೂರಿಸಿ, ಒಬ್ಬರು ಅವರ ಜೊತೆಗಿರಿ. ಉಳಿದವರು ಹೊರಗೆ ಬೆಂಕಿಯ ಹತ್ತಿರ ನಿಲ್ಲಿ. ಮಕ್ಕಳನ್ನು ಮುಂದಿನ ಸಾಲಿಗೆ ಬಿಡಿ, ಅವರಿಗೆ ಕಾಣಬೇಕು.

ಮೊದಲ ಭಾಗ ಬೆಳಕಿನದ್ದು. ಚರ್ಚಿನ ದೀಪಗಳೆಲ್ಲ ಆರಿರುತ್ತವೆ. ಹೊರಗೆ ಹೊಸ ಬೆಂಕಿ ಹಚ್ಚಿ ಗುರುಗಳು ಆಶೀರ್ವದಿಸುತ್ತಾರೆ. ದೊಡ್ಡ ಪಾಸ್ಕ ಮೇಣದಬತ್ತಿಯ ಮೇಲೆ ಶಿಲುಬೆ ಕೊರೆದು, ಮೇಲೆ ಆಲ್ಫ, ಕೆಳಗೆ ಒಮೇಗ, ನಾಲ್ಕು ಮೂಲೆಗೆ ಆ ವರ್ಷದ ನಾಲ್ಕು ಅಂಕಿ ಬರೆಯುತ್ತಾರೆ. ಐದು ಧೂಪದ ಕಾಳುಗಳನ್ನು ಚುಚ್ಚುತ್ತಾರೆ, ಅವು ಯೇಸುವಿನ ಐದು ಗಾಯಗಳು. ನಂತರ ಆ ಬೆಂಕಿಯಿಂದ ಬತ್ತಿ ಹಚ್ಚಿ ಮೆರವಣಿಗೆ ಹೊರಡುತ್ತದೆ. ಬಾಗಿಲಲ್ಲಿ, ಚರ್ಚಿನ ನಡುವೆ, ಬಲಿಪೀಠದ ಮುಂದೆ ಹೀಗೆ ಮೂರು ಸಲ ನಿಂತು ಕ್ರಿಸ್ತರ ಬೆಳಕನ್ನು ಸಾರುತ್ತಾರೆ, ನಾವು ದೇವರಿಗೆ ಕೃತಜ್ಞತೆ ಹೇಳುತ್ತೇವೆ. ಎರಡನೇ ಸಲ ನಿಂತ ಮೇಲೆ ಜನರ ಬತ್ತಿಗಳು ಹೊತ್ತಿಕೊಳ್ಳುತ್ತವೆ. ಹಚ್ಚುವಾಗ ಉರಿಯುತ್ತಿರುವ ಬತ್ತಿ ನೆಟ್ಟಗಿರಲಿ, ಹಚ್ಚಬೇಕಾದ ಬತ್ತಿಯನ್ನು ಅದರ ಕಡೆ ಬಗ್ಗಿಸಿ. ಎಲ್ಲರೂ ಹೀಗೆ ಮಾಡಿದರೆ ನೆಲಕ್ಕೂ ಬಟ್ಟೆಗೂ ಮೇಣ ಬೀಳುವುದಿಲ್ಲ.

ದಯವಿಟ್ಟು ಮೊಬೈಲ್ ಟಾರ್ಚ್ ಹಾಕಬೇಡಿ. ವಿಡಿಯೋ ಕೂಡ ಬೇಡ. ಒಂದು ಬತ್ತಿಯಿಂದ ಇಡೀ ಚರ್ಚು ಬೆಳಗುವುದನ್ನು ಕಣ್ಣಲ್ಲಿ ನೋಡಬೇಕು, ಅಲ್ವಾ? ಕತ್ತಲೆಯೂ ಈ ಪೂಜೆಯ ಭಾಗ.

ನಂತರ ಪಾಸ್ಕ ಘೋಷಣೆಯ ದೊಡ್ಡ ಹಾಡು. ಬತ್ತಿ ಹಿಡಿದು ನಿಂತೇ ಕೇಳಬೇಕು. ಅದು ಮುಗಿದ ಮೇಲೆ ಬತ್ತಿ ಆರಿಸಿ ಕೂರಿ. ಆರಿಸಿದ ಬತ್ತಿಯನ್ನು ಬೆಂಚಿನ ಕೆಳಗೆ ಹಾಕಬೇಡಿ, ಮತ್ತೆ ಬೇಕಾಗುತ್ತದೆ.

ಎರಡನೆಯದು ವಾಚನಗಳು. ಹಳೆ ಒಡಂಬಡಿಕೆಯಿಂದ ಏಳು, ಹೊಸ ಒಡಂಬಡಿಕೆಯಿಂದ ಎರಡು, ಒಟ್ಟು ಒಂಬತ್ತು. ಎಷ್ಟೋ ಕಡೆ ಕಡಿಮೆ ಮಾಡುತ್ತಾರೆ. ಆದರೆ ಹಳೆ ಒಡಂಬಡಿಕೆಯಿಂದ ಮೂರಾದರೂ ಇರಬೇಕು, ವಿಮೋಚನಾಕಾಂಡದ ಸಮುದ್ರ ದಾಟುವ ಭಾಗವನ್ನು ಯಾವತ್ತೂ ಬಿಡುವಂತಿಲ್ಲ. ಮಕ್ಕಳಿಗೆ ನಿದ್ದೆ ಹತ್ತುವುದು ಇಲ್ಲೇ. ಕಿವಿಯಲ್ಲಿ ಮೆಲ್ಲಗೆ ಹೇಳಿ: ಈಗ ಸಮುದ್ರ ಎರಡಾಗುತ್ತದೆ ನೋಡು. ನಿದ್ದೆ ಬಂದೇಬಿಟ್ಟರೆ ತೊಡೆಯ ಮೇಲೆ ಮಲಗಿಸಿಕೊಳ್ಳಿ. ಬೈಯಬೇಡಿ. ಮುಂದೆ ಏಳಿಸುವ ವ್ಯವಸ್ಥೆ ಪೂಜೆಯಲ್ಲೇ ಇದೆ.

ಕೊನೆಯ ಹಳೆ ಒಡಂಬಡಿಕೆಯ ವಾಚನ, ಪ್ರಾರ್ಥನೆ ಮುಗಿದ ಕೂಡಲೇ ಮಹಿಮಾ ಗೀತೆ. ಗುರುವಾರ ಸಂಜೆಯಿಂದ ಸುಮ್ಮನಿದ್ದ ಗಂಟೆಗಳೆಲ್ಲ ಒಟ್ಟಿಗೆ ಬಾರಿಸುತ್ತವೆ. ಪೀಠದ ಬತ್ತಿಗಳು ಹೊತ್ತುತ್ತವೆ. ನಮ್ಮ ಎಷ್ಟೋ ಚರ್ಚುಗಳಲ್ಲಿ ಇದೇ ಹೊತ್ತಿಗೆ ಪರದೆ ಸರಿದು ಪುನರುತ್ಥಾನ ಯೇಸುವಿನ ಪ್ರತಿಮೆ ಕಾಣಿಸುತ್ತದೆ. ಮಲಗಿದ್ದ ಮಗು ಬೆಚ್ಚಿ ಎದ್ದು ಕೂರುವುದು ಇಲ್ಲೇ. ಗಂಟೆಗೆ ಸ್ವಲ್ಪ ಮೊದಲೇ ಬೆನ್ನು ಸವರಿ ಏಳಿಸಿ, ಎತ್ತಿಕೊಂಡು ನಿಲ್ಲಿ. ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಪೂರ್ತಿ ಬಾಯಿಗೆ ಬಾರದ ಅಲ್ಲೆಲೂಯ ಶುಭಸಂದೇಶಕ್ಕೆ ಮುಂಚೆ ಮೂರು ಸಲ, ಪ್ರತಿ ಸಲ ಸ್ವರ ಏರಿಸಿ ಹಾಡುತ್ತಾರೆ. ನೀವೂ ಬಾಯಿ ಬಿಟ್ಟು ಹಾಡಿ. ಇದನ್ನು ಗಾನವೃಂದಕ್ಕೆ ಬಿಟ್ಟುಕೊಡಬಾರದು.

ಮೂರನೆಯದು ದೀಕ್ಷಾಸ್ನಾನ (ಬ್ಯಾಪ್ಟಿಸಂ). ಸಂತರ ಪ್ರಾರ್ಥನಾಮಾಲೆ, ನೀರಿನ ಆಶೀರ್ವಾದ. ಪಾಸ್ಕ ಬತ್ತಿಯನ್ನು ನೀರಿಗೆ ಇಳಿಸುವುದನ್ನು ಮಕ್ಕಳಿಗೆ ತೋರಿಸಿ. ಆ ವರ್ಷ ದೀಕ್ಷಾಸ್ನಾನ ಪಡೆಯುವವರಿದ್ದರೆ ಅವರ ಹೆಸರು ಕೇಳಿಸಿಕೊಂಡು ಪ್ರಾರ್ಥಿಸಿ, ಪೂಜೆ ಆದಮೇಲೆ ಹೋಗಿ ಕೈಹಿಡಿದು ಮಾತಾಡಿಸಿ. ಅವರ ಕಡೆಯವರು ಎಷ್ಟೋ ಸಲ ಬಂದಿರುವುದಿಲ್ಲ. ಆಗ ನಾವೇ ಅವರ ಬಳಗ. ಇಲ್ಲಿ ಮತ್ತೆ ಬತ್ತಿ ಹಚ್ಚಿ, ನಮ್ಮ ದೀಕ್ಷಾಸ್ನಾನದ ಪ್ರತಿಜ್ಞೆಗಳನ್ನು ಹೊಸದು ಮಾಡಿಕೊಳ್ಳುತ್ತೇವೆ. ಸೈತಾನನನ್ನು ತ್ಯಜಿಸುತ್ತೀರಾ, ದೇವರನ್ನು ವಿಶ್ವಾಸಿಸುತ್ತೀರಾ ಅಂತ ಗುರುಗಳು ಕೇಳುವ ಒಂದೊಂದು ಪ್ರಶ್ನೆಗೂ ಗಟ್ಟಿಯಾಗಿ ಉತ್ತರ ಕೊಡಿ. ನಾವು ಹಸುಗೂಸಾಗಿದ್ದಾಗ ನಮ್ಮ ಪರವಾಗಿ ಅಪ್ಪ ಅಮ್ಮ, ಜ್ಞಾನಪೋಷಕರು ಕೊಟ್ಟ ಉತ್ತರ ಅದು. ಈಗ ನಮ್ಮ ಬಾಯಿಂದಲೇ ಬರಬೇಕು. ಗುರುಗಳು ತೀರ್ಥ ಚಿಮುಕಿಸುತ್ತಾ ಬಂದಾಗ ಶಿಲುಬೆ ಗುರುತು ಮಾಡಿಕೊಳ್ಳಿ.

ನಾಲ್ಕನೆಯದು ಪರಮಪ್ರಸಾದದ ಬಲಿಪೂಜೆ, ಎಂದಿನಂತೆ. ಬಸ್ಸು ತಪ್ಪುತ್ತದೆ ಅಂತ ಕೆಲವರು ನೀರು ಚಿಮುಕಿಸಿದ ಕೂಡಲೇ ಹೊರಟುಬಿಡುತ್ತಾರೆ. ಇಡೀ ರಾತ್ರಿ ಈ ಹೊತ್ತಿಗಾಗಿಯೇ ಕಾದದ್ದು. ಗಾಡಿಯವರಿಗೆ ಅರ್ಧ ಗಂಟೆ ಜಾಸ್ತಿಯೇ ಹೇಳಿಡಿ.

ಮನೆಗೆ ಬಂದ ಮೇಲೆ

ಹೊರಡುವ ಮೊದಲು ಬಾಟಲಿಗೆ ತೀರ್ಥ ತುಂಬಿಸಿಕೊಳ್ಳಿ. ನೂಕಾಟ ಇದ್ದರೆ ಭಾನುವಾರ ಬೆಳಿಗ್ಗೆಯೂ ಸಿಗುತ್ತದೆ. ಮನೆ ಬಾಗಿಲಲ್ಲಿ ಎಲ್ಲರೂ ನಿಂತು, ಮನೆಯ ಹಿರಿಯರು ಪ್ರತಿ ಕೋಣೆಗೂ ತೀರ್ಥ ಚಿಮುಕಿಸಲಿ. ಚರ್ಚಿನಿಂದ ತಂದ ಬತ್ತಿಯಿಂದ ದೇವರ ಪೀಠದ ದೀಪ ಹಚ್ಚಿ. ಬೆಳಿಗ್ಗೆ ತಂದಿಟ್ಟ ಹೂವನ್ನು ಈಗ ಮಕ್ಕಳು ಇಡಲಿ. ಒಂದು ಪ್ರಾರ್ಥನೆ, ಒಂದು ಹಾಡು, ಆಮೇಲೆ ಕಜ್ಜಾಯದ ಡಬ್ಬಿ ಬಿಚ್ಚಿ. ಮೊದಲನೆಯದು ಕರಿದವರ ಬಾಯಿಗೆ.

ಉಳಿದ ಬತ್ತಿಗಳನ್ನು ಎಸೆಯಬೇಡಿ. ಮಕ್ಕಳ ದೀಕ್ಷಾಸ್ನಾನದ ದಿನ ಪ್ರತಿ ವರ್ಷ ಹಚ್ಚಲು, ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದಾಗ ಪ್ರಾರ್ಥನೆಗೆ ಹಚ್ಚಲು ಎತ್ತಿಡಿ. ಚರ್ಚಿನ ಪಾಸ್ಕ ಬತ್ತಿ, ಪಾಸ್ಕದಿಂದ ಐವತ್ತನೇ ದಿನ ಬರುವ ಪಂಚಾಶತ್ತಮ ಹಬ್ಬದವರೆಗೆ ಪೀಠದ ಬಳಿ ಉರಿಯುತ್ತದೆ. ನಂತರ ದೀಕ್ಷಾಸ್ನಾನಕ್ಕೆ, ಶವಸಂಸ್ಕಾರದ ಪೂಜೆಗೆ ಅದನ್ನೇ ಹಚ್ಚುತ್ತಾರೆ.

ರಾತ್ರಿ ಪೂಜೆಗೆ ಹೋದವರಿಗೆ ಭಾನುವಾರದ ಪೂಜೆಯ ಕರ್ತವ್ಯ ಮುಗಿದಂತೆ. ಆದರೂ ಬೆಳಿಗ್ಗೆ ಹೋಗುವ ಆಸೆ ಇದ್ದರೆ ಹೋಗಿ, ಮತ್ತೆ ಪರಮಪ್ರಸಾದ ಸ್ವೀಕರಿಸಲೂಬಹುದು. ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳಲು ರಾತ್ರಿ ಉಳಿದವರು ಬೆಳಗಿನ ಪೂಜೆಗೆ ಹೋಗಲಿ, ಆ ಹೊತ್ತಿಗೆ ರಾತ್ರಿ ಹೋದವರು ಒಲೆ ಹಚ್ಚಲಿ.

ಅಕ್ಕಪಕ್ಕದ ಮನೆಗಳಿಗೆ ಕೊಡುವ ಡಬ್ಬಿಗಳನ್ನು ರಾತ್ರಿಯೇ ಜೋಡಿಸಿಟ್ಟು ಮಲಗಿ. ಮಾಂಸ ತಿನ್ನದ ಮನೆಗೆ ಕಜ್ಜಾಯ, ಬಾಳೆಹಣ್ಣಿನ ಡಬ್ಬಿ ಬೇರೆ ಇರಲಿ, ಮೇಲೆ ಹೆಸರು ಅಂಟಿಸಿ. ದೀಪಾವಳಿಗೆ, ರಂಜಾನ್‌ಗೆ ಅವರು ತಂದುಕೊಟ್ಟ ಡಬ್ಬಿ ನಮ್ಮಲ್ಲೇ ಉಳಿದಿದ್ದರೆ ಅದರಲ್ಲೇ ತುಂಬಿಸಿ ಕಳಿಸಿ. ಭಾನುವಾರ ಹತ್ತು ಗಂಟೆಯೊಳಗೆ ಮಕ್ಕಳ ಕೈಲಿ ಕೊಟ್ಟು ಕಳಿಸಿದರೆ ಅವರ ತಿಂಡಿಯ ಹೊತ್ತಿಗೆ ಸರಿಹೋಗುತ್ತದೆ.